ವಿದೇಶಕ್ಕೆ ಹೊರಡುವ ಮುಂಚೆ ಯಾವ ಕೆಲಸ ಹಿಡಿಯೋದು? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಕಡೆಯ ಹುಡುಗ ಹುಡುಗಿಯರು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಿವು. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಯಾರಿಗಾದರೂ ದುಡ್ಡು ಕಟ್ಟುವ ಮುಂಚೆ ಆ ದೇಶದ ಸರ್ಕಾರಿ ವೆಬ್‌ಸೈಟ್ ಒಮ್ಮೆ ತೆರೆದು ನೋಡಿ.

ಮೊದಲು ದೇಶ ಆರಿಸಬೇಕಾ, ಕೆಲಸ ಆರಿಸಬೇಕಾ?

ಕೆಲಸ. ಇದರಲ್ಲಿ ನನಗೆ ಎರಡು ಮಾತಿಲ್ಲ.

"ನಮ್ಮ ಚಿಕ್ಕಪ್ಪನ ಮಗ ಲಂಡನ್ನಿನಲ್ಲಿದ್ದಾನೆ, ನಾನೂ ಅಲ್ಲಿಗೇ ಹೋಗಬೇಕು" ಅಂತ ಶುರು ಮಾಡುವವರೇ ಜಾಸ್ತಿ. ಆದರೆ ದೇಶಗಳು ಬಾಗಿಲು ತೆಗೆಯುತ್ತವೆ, ಮುಚ್ಚುತ್ತವೆ. ಬ್ರಿಟನ್ ವೃದ್ಧರನ್ನು ನೋಡಿಕೊಳ್ಳುವ ಕೇರ್ ವರ್ಕರ್‌ಗಳನ್ನು ಕೆಲವು ವರ್ಷ ಧಾರಾಳವಾಗಿ ಕರೆಸಿಕೊಂಡಿತು. 2025ರ ಜುಲೈ 22ರಿಂದ ಹೊರದೇಶದವರನ್ನು ಆ ಕೆಲಸಕ್ಕೆ ಹೊಸದಾಗಿ ಕರೆಸೋದನ್ನು ನಿಲ್ಲಿಸಿಬಿಟ್ಟಿತು. ಬ್ರಿಟನ್ನಿಗೆಂದೇ ಮೂರು ತಿಂಗಳ ಕೇರ್ ಕೋರ್ಸ್ ಮಾಡಿಕೊಂಡವರ ಕೈಯಲ್ಲಿ ಉಳಿದದ್ದು ಒಂದು ಸರ್ಟಿಫಿಕೇಟ್ ಅಷ್ಟೇ. ಅದೇ ಹೊತ್ತಿಗೆ ನರ್ಸಿಂಗ್ ಓದಿ, ಎರಡು ವರ್ಷ ವಾರ್ಡಿನಲ್ಲಿ ದುಡಿದವರಿಗೆ ಜರ್ಮನಿ ಇತ್ತು, ಸೌದಿ ಇತ್ತು, ಐರ್ಲೆಂಡ್ ಇತ್ತು. ಕೆಲಸ ಕೈಯಲ್ಲಿದ್ದರೆ ದೇಶ ಬದಲಿಸಬಹುದು. ದೇಶ ನಂಬಿಕೊಂಡು ಕೆಲಸ ಆರಿಸಿದರೆ ಅಂಥ ದಾರಿ ಸಿಗೋದು ಕಷ್ಟ.

ನನ್ನ ಕೆಲಸಕ್ಕೆ ಹೊರಗೆ ಬೆಲೆ ಇದೆಯಾ ಅಂತ ತಿಳಿಯೋದು ಹೇಗೆ?

ಮೊದಲು ಒಂದು ವಿಷಯ ನೋಡಿ: ಆ ದೇಶದಲ್ಲಿ ನಿಮ್ಮ ಕೆಲಸಕ್ಕೆ ಲೈಸೆನ್ಸ್ ಬೇಕಾ, ಬೇಡವಾ. ನರ್ಸ್, ಡಾಕ್ಟರ್, ಶಿಕ್ಷಕರು ಹೆಚ್ಚಿನ ಕಡೆ ಲೈಸೆನ್ಸ್ ಇಲ್ಲದೆ ಕೆಲಸಕ್ಕೆ ಕೈ ಹಾಕುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಎಲೆಕ್ಟ್ರಿಷಿಯನ್ ಕೂಡ ಹಾಗೇ. ಇಲ್ಲಿ ಎಷ್ಟೇ ಮನೆಗಳಿಗೆ ವೈರಿಂಗ್ ಮಾಡಿರಲಿ, ಅಲ್ಲಿ ಕೌಶಲ ಪರಿಶೀಲನೆ ಮುಗಿಸಿ, ಆ ರಾಜ್ಯದ ಲೈಸೆನ್ಸ್ ಪಡೆಯೋವರೆಗೆ ಒಬ್ಬರೇ ಸ್ವಿಚ್ ಬೋರ್ಡ್ ಮುಟ್ಟುವಂತಿಲ್ಲ. ಅಡುಗೆಯವರು, ಕೆಫೆಯಲ್ಲಿ ಕಾಫಿ ಮಾಡಿಕೊಡುವ ಬರಿಸ್ತಾ, ಸಾಫ್ಟ್‌ವೇರ್‌ನವರಿಗೆ ಈ ತಲೆನೋವು ಕಡಿಮೆ.

ಆಮೇಲೆ ಕೆಲಸದ ಕೋಡ್ ಹುಡುಕಿ. ಕೆನಡಾದಲ್ಲಿ ಇದಕ್ಕೆ ಎನ್‌ಒಸಿ ಅಂತಾರೆ. ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ, ಅದರ ಕೆಳಗೆ ಆ ಕೆಲಸದವರು ದಿನಾ ಏನೇನು ಮಾಡುತ್ತಾರೆ ಅಂತ ಪಟ್ಟಿ ಇರುತ್ತದೆ. ನಿಮ್ಮ ಹುದ್ದೆಯ ಹೆಸರು 'ಮ್ಯಾನೇಜರ್' ಅಂತಿದ್ದು, ನೀವು ಮಾಡೋದು ಬಿಲ್ ಬರೆಯುವ ಕೆಲಸ ಆಗಿದ್ದರೆ ಅವರು ಲೆಕ್ಕಕ್ಕೆ ತೆಗೆದುಕೊಳ್ಳೋದು ಬಿಲ್ ಬರೆಯೋದನ್ನೇ.

ಮಗಳು ನರ್ಸಿಂಗ್ ಮುಗಿಸಿದ್ದಾಳೆ. ಗಲ್ಫ್ ಒಳ್ಳೆಯದಾ, ಜರ್ಮನಿ ಒಳ್ಳೆಯದಾ?

ಕೊಡಗಿನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ ಇರಬೇಕು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಎಲ್ಲಿಗೇ ಹೋಗಲಿ, ಮೊದಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸರಿಯಾಗಿರಬೇಕು. ಗಲ್ಫ್‌ಗೆ ಸಾಮಾನ್ಯವಾಗಿ ಎರಡು ವರ್ಷದ ಆಸ್ಪತ್ರೆ ಅನುಭವ ಕೇಳುತ್ತಾರೆ. ಡೇಟಾಫ್ಲೋ ಅಂತ ಒಂದು ಪರಿಶೀಲನೆ ಇದೆ. ಅವರು ನಿಮ್ಮ ಕಾಲೇಜಿಗೆ, ಕೌನ್ಸಿಲ್‌ಗೆ, ಕೆಲಸ ಮಾಡಿದ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುತ್ತಾರೆ. ಆಸ್ಪತ್ರೆಯವರು ಆ ಮೇಲ್‌ಗೆ ಉತ್ತರ ಕೊಡದೆ ಸುಮ್ನೆ ಕೂತರೆ ನಿಮ್ಮ ಫೈಲೂ ಸುಮ್ನೆ ಕೂರುತ್ತದೆ. ಅದಕ್ಕೇ ಕೆಲಸ ಬಿಡುವಾಗ ಎಚ್‌ಆರ್ ಜೊತೆ ಜಗಳ ಮಾಡಿಕೊಂಡು ಬರಬೇಡಿ. ಪರಿಶೀಲನೆಯ ಜೊತೆಗೆ ಆಯಾ ದೇಶದ ಲೈಸೆನ್ಸ್ ಪರೀಕ್ಷೆಯೂ ಇರುತ್ತದೆ.

ಇನ್ನೊಂದು ನಿಯಮ ತುಂಬಾ ಜನಕ್ಕೆ ಗೊತ್ತಿಲ್ಲ. ಭಾರತ ಸರ್ಕಾರದ ವಲಸೆ ಅನುಮತಿ ಬೇಕಾದ 18 ದೇಶಗಳ ಪಟ್ಟಿ ಇದೆ, ಗಲ್ಫ್ ದೇಶಗಳೆಲ್ಲ ಅದರಲ್ಲಿ ಬರುತ್ತವೆ. ಅಲ್ಲಿಗೆ ನರ್ಸ್ ಆಗಿ ಹೋಗುವವರು ಎಷ್ಟೇ ಓದಿದ್ದರೂ ವಲಸೆ ಅನುಮತಿ ತೆಗೆದುಕೊಳ್ಳಲೇಬೇಕು. ನೇಮಕಾತಿ ಸರ್ಕಾರ ಗೊತ್ತು ಮಾಡಿದ ಸಂಸ್ಥೆಗಳ ಮೂಲಕವೇ ಆಗಬೇಕು. 2015ರಿಂದ ಹೀಗಿದೆ. "ನಮ್ಮಲ್ಲಿ ಹಾಗೇನಿಲ್ಲ, ನೇರ ಕಳಿಸುತ್ತೇವೆ" ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ.

ಜರ್ಮನಿಯಲ್ಲಿ ಲೈಸೆನ್ಸ್ ಪರೀಕ್ಷೆಗಿಂತ ದೊಡ್ಡ ಗುಡ್ಡ ಭಾಷೆ. ಪೂರ್ತಿ ನರ್ಸ್ ಅಂತ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಸೊನ್ನೆಯಿಂದ ಅಲ್ಲಿಗೆ ತಲುಪಲು ಚೆನ್ನಾಗಿ ಕೂತು ಓದಿದರೂ ಸುಮಾರು ಒಂದು ವರ್ಷ ಹಿಡಿಯುತ್ತದೆ. ಬಿ2 ಅಂದರೆ ವ್ಯಾಕರಣ ಬಾಯಿಪಾಠ ಮಾಡೋದಲ್ಲ. ರಾತ್ರಿ ಪಾಳಿಯಲ್ಲಿ ಡಾಕ್ಟರ್ ಫೋನ್ ಮಾಡಿ ಔಷಧಿಯ ಪ್ರಮಾಣ ಹೇಳುತ್ತಾರೆ. ಮುಖ ಕಾಣುವುದಿಲ್ಲ, ಮಾತು ಬೇಗ, ಅದರಲ್ಲೂ ಅವರ ಊರಿನ ಧಾಟಿ. ಅದನ್ನು ಕೇಳಿ ತಪ್ಪಿಲ್ಲದೆ ಬರೆದುಕೊಳ್ಳಬೇಕು. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಆಡಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಗೆಳತಿಯರ ಜೊತೆ ಮಲಯಾಳಂ ಮಾತಾಡಿ ಬೆಳೆದ ನಮ್ಮ ಹುಡುಗಿಯರಿಗೆ ಇನ್ನೊಂದು ಭಾಷೆ ಅಂದರೆ ಹೆದರಿಕೆ ಕಡಿಮೆ. ಇದು ನಿಜವಾದ ಬಂಡವಾಳ.

ಬ್ರಿಟನ್ನಿಗೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಬೇಕು, ಬರವಣಿಗೆಯಲ್ಲಿ 6.5 ಬಂದರೂ ನಡೆಯುತ್ತದೆ. ಅದರ ಬದಲು ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಒಇಟಿ ಕೂಡ ಬರೆಯಬಹುದು. ಆದರೆ ಈಚೆಗೆ ಅಲ್ಲಿ ಹೊರಗಿನವರ ನೇಮಕ ಬಹಳ ತಗ್ಗಿದೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಅನ್ನೋ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾದರೂ ಗ್ರೀನ್ ಕಾರ್ಡ್ ಸರದಿಗೆ ವರ್ಷಗಟ್ಟಲೆ ಕಾಯಬೇಕು.

ನನ್ನನ್ನು ಕೇಳಿದರೆ: ಬೇಗ ಸಂಪಾದನೆ ಶುರುವಾಗಬೇಕು, ಮನೆ ಸಾಲ ತೀರಿಸಬೇಕು ಅಂದರೆ ಗಲ್ಫ್. ಒಂದೂವರೆ ವರ್ಷ ಕಾಯುವ ತಾಳ್ಮೆ ಇದೆ, ಅಲ್ಲೇ ನೆಲೆಸುವ ಮನಸ್ಸಿದೆ ಅಂದರೆ ಜರ್ಮನಿ.

ಐಟಿಐ ಮಾಡಿದವರಿಗೆ ಏನಿದೆ?

ಜನ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್, ಪ್ಲಂಬರ್, ವೆಲ್ಡರ್‌ಗಳನ್ನು ಗಲ್ಫ್ ಕೇಳುತ್ತಲೇ ಇರುತ್ತದೆ. ಸೌದಿ ಈಗ ಇಂಥ ಹಲವು ಕೆಲಸಗಳಿಗೆ ಭಾರತದಲ್ಲೇ ಕೌಶಲ ಪರೀಕ್ಷೆ ಇಟ್ಟಿದೆ. ಅದು ಪಾಸಾಗದೆ ವೀಸಾ ಇಲ್ಲ.

ವೆಲ್ಡಿಂಗ್ ಉದಾಹರಣೆ ತೆಗೆದುಕೊಳ್ಳಿ. ಊರಿನಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡರ್ ಬೇರೆ, ಪೈಪ್‌ಲೈನ್ ವೆಲ್ಡರ್ ಬೇರೆ. ತೈಲ ಕಂಪನಿಗಳು 6ಜಿ ಕೇಳುತ್ತವೆ. 6ಜಿ ಪರೀಕ್ಷೆಯಲ್ಲಿ ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿ ನಿಲ್ಲಿಸಿರುತ್ತಾರೆ. ಪೈಪ್ ತಿರುಗಿಸುವ ಹಾಗಿಲ್ಲ, ನೀವೇ ಅದರ ಸುತ್ತ ಬಗ್ಗಿ, ಕೂತು, ಕತ್ತು ಓರೆ ಮಾಡಿ ಸುತ್ತಲೂ ವೆಲ್ಡ್ ಮುಗಿಸಬೇಕು. ಆಮೇಲೆ ಆ ಜಾಯಿಂಟನ್ನು ಎಕ್ಸ್‌ರೇ ತೆಗೆದೋ, ತುಂಡು ಕತ್ತರಿಸಿ ಬಗ್ಗಿಸಿಯೋ ನೋಡುತ್ತಾರೆ. ಒಳಗೆ ಗಾಳಿಗುಳ್ಳೆ ಇದ್ದರೆ ಫೇಲ್. ಗ್ರಿಲ್ ವೆಲ್ಡರ್‌ಗೂ 6ಜಿ ವೆಲ್ಡರ್‌ಗೂ ಸಂಬಳದಲ್ಲಿ ಅಜಗಜಾಂತರ. ಹಾಗಾಗಿ ಐಟಿಐ ಮುಗಿದ ಕೂಡಲೇ ಮೊದಲ ವಿಮಾನ ಹತ್ತುವುದಕ್ಕಿಂತ ಮಂಗಳೂರು, ಕೊಚ್ಚಿ ಕಡೆ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಎರಡು ವರ್ಷ ಪಳಗಿ ಹೋಗೋದು ಒಳ್ಳೆಯದು.

ಪಿಯುಸಿ ಮುಗಿಸಿದ ಚಿಕ್ಕ ವಯಸ್ಸಿನವರಿಗೆ ಜರ್ಮನಿಯ ಆಸ್‌ಬಿಲ್ಡುಂಗ್ ಇದೆ. ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ ಕೆಲಸ, ಕೆಲವು ದಿನ ಶಾಲೆ, ಹೆಚ್ಚಾಗಿ ಮೂರು ವರ್ಷ, ತಿಂಗಳಿಗೆ ಸ್ಟೈಪೆಂಡ್. ಸಾಮಾನ್ಯವಾಗಿ ಬಿ1 ಜರ್ಮನ್ ಬೇಕು. ಕಾಲೇಜು ಫೀಸಿಗೆ ಲಕ್ಷಗಟ್ಟಲೆ ಸಾಲ ಮಾಡುವ ಬದಲು ಇದನ್ನು ಯಾಕೆ ನಮ್ಮವರು ನೋಡುವುದಿಲ್ಲವೋ.

ನಮ್ಮದು ಕಾಫಿ ತೋಟ. ತೋಟದ ಅನುಭವಕ್ಕೆ ಹೊರಗೆ ಬೆಲೆ ಸಿಗುತ್ತಾ?

ತೋಟ ನೋಡಿಕೊಂಡಿದ್ದೇನೆ ಅಂತ ಬರೆದರೆ ಸಿಗುವುದಿಲ್ಲ. ತೋಟದ ಕೆಲಸ ಒಂದಲ್ಲ, ಹತ್ತು. ಅದನ್ನು ಬಿಡಿಸಿ ನೋಡಬೇಕು.

ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಮೋಟಾರ್, ಸ್ಪ್ರಿಂಕ್ಲರ್ ಪಂಪ್ ಬಿಚ್ಚಿ ಜೋಡಿಸುವವರು ಕೃಷಿ ಯಂತ್ರದ ಮೆಕ್ಯಾನಿಕ್‌ಗಳು. ಅದೇ ದಾರಿಯಲ್ಲಿ ಒಂದು ಐಟಿಐ ಇಲ್ಲವೇ ಡಿಪ್ಲೊಮಾ ಸೇರಿಸಿಕೊಂಡರೆ ಅದು ಎಲ್ಲ ಕಡೆ ಗೊತ್ತಿರುವ ವೃತ್ತಿ. ಮರಗಸಿ ಮಾಡುವವರನ್ನು ನೋಡಿ. ಸಿಲ್ವರ್ ಮರದ ತುದಿಗೆ ಹಗ್ಗ ಹಾಕಿ ಹತ್ತಿ, ಕೆಳಗಿನ ಕಾಫಿ ಗಿಡಕ್ಕೆ ಪೆಟ್ಟಾಗದ ಹಾಗೆ ಕೊಂಬೆ ಇಳಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಇದನ್ನು ಮಾಡುವವರಿಗೆ ಆರ್ಬೊರಿಸ್ಟ್ ಅಂತಾರೆ, ತರಬೇತಿ ಪಡೆದು ಸರ್ಟಿಫಿಕೇಟ್ ಇಟ್ಟುಕೊಂಡು ಮಾಡುವ ಗೌರವದ ಕೆಲಸ. ನಮ್ಮವರ ಕೈಯಲ್ಲಿ ಕೆಲಸ ಇದೆ, ಕಾಗದ ಇಲ್ಲ. ಈ ಅನ್ಯಾಯಕ್ಕೆ ಸದ್ಯಕ್ಕೆ ಸುಲಭದ ಪರಿಹಾರ ಕಾಣುತ್ತಿಲ್ಲ.

ಕಾಫಿಯ ರುಚಿ ಗೊತ್ತಿರುವವರಿಗೆ ದಾರಿ ಚೆನ್ನಾಗಿದೆ. ಕಾಫಿ ಬೋರ್ಡ್ ಕಾಫಿ ಗುಣಮಟ್ಟದ ಬಗ್ಗೆ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ, ಹುರಿಯೋದು, ಕಾಫಿ ಮಾಡೋದರ ಬಗ್ಗೆ ಚಿಕ್ಕ ತರಬೇತಿಗಳೂ ಇವೆ. ದುಬೈ, ದೋಹಾದಲ್ಲಿ ಸ್ಪೆಷಾಲಿಟಿ ಕಾಫಿ ಅಂಗಡಿಗಳು ಬೇಕಾದಷ್ಟಿವೆ. ಬರಿಸ್ತಾ ಸಂಬಳ ಶುರುವಿನಲ್ಲಿ ಕಡಿಮೆ, ಅದು ನೆನಪಿರಲಿ. ಆದರೆ ಅರೇಬಿಕಾ, ರೋಬಸ್ಟಾ ಎರಡನ್ನೂ ಗಿಡದಿಂದ ಲೋಟದವರೆಗೆ ಕಂಡವರು ರೋಸ್ಟರ್, ಕಾಫಿ ಖರೀದಿ ಅಂತ ಮೇಲೆ ಹೋಗಬಹುದು.

ಜಪಾನಿನಲ್ಲಿ 2019ರಿಂದ ನಿರ್ದಿಷ್ಟ ಕೌಶಲದವರ ವೀಸಾ ಇದೆ, ಅದರಲ್ಲಿ ಕೃಷಿಯೂ ಒಂದು ವಿಭಾಗ. ಡಿಗ್ರಿ ಕೇಳುವುದಿಲ್ಲ. ಕೌಶಲ ಪರೀಕ್ಷೆ, ಜೊತೆಗೆ ಎನ್4 ಮಟ್ಟದ ಜಪಾನಿ ಭಾಷೆ ಸಾಕು. ಮೊದಲ ಹಂತದಲ್ಲಿ ಐದು ವರ್ಷದವರೆಗೆ ಇರಬಹುದು, ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ.

ಹೋಂಸ್ಟೇ, ರೆಸಾರ್ಟ್‌ನಲ್ಲಿ ಕೆಲಸ ಮಾಡಿದ್ದೇನೆ. ಕ್ರೂಸ್ ಹಡಗಿಗೆ ಹೋಗಬಹುದಾ?

ಹೋಗಬಹುದು. ಹೋಂಸ್ಟೇ ಅನುಭವವನ್ನು ಹಡಗಿನವರು ಅಷ್ಟಾಗಿ ಎಣಿಸುವುದಿಲ್ಲ, ಸ್ಟಾರ್ ಹೋಟೆಲಿನ ಒಂದೆರಡು ವರ್ಷ ಕೇಳುತ್ತಾರೆ. ಕೊಡಗಿನಲ್ಲೇ ದೊಡ್ಡ ರೆಸಾರ್ಟ್‌ಗಳಿವೆ, ಅಲ್ಲಿ ಒಂದೇ ವಿಭಾಗದಲ್ಲಿ ನಿಲ್ಲಿ. ಇವತ್ತು ರಿಸೆಪ್ಷನ್, ನಾಳೆ ಅಡುಗೆಮನೆ ಅಂದರೆ ಯಾವುದೂ ನಿಮ್ಮ ಕೆಲಸ ಅಂತ ಆಗೋಲ್ಲ. ಎಸ್‌ಟಿಸಿಡಬ್ಲ್ಯು ಸುರಕ್ಷಾ ತರಬೇತಿ, ನಾವಿಕರ ಗುರುತಿನ ಸಿಡಿಸಿ ಪುಸ್ತಕ ಬೇಕಾಗುತ್ತದೆ. ಏಜೆನ್ಸಿಗೆ ನಾವಿಕರನ್ನು ನೇಮಿಸುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯಾ ಅಂತ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕಚೇರಿಯ ಪಟ್ಟಿಯಲ್ಲಿ ನೋಡಿ. ಹಡಗಿನ ಕೆಲಸ ಕೊಡಿಸಲು ನಾವಿಕರಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ ಅಂತ ನಿಯಮವೇ ಇದೆ. ಪಂದಿ ಕರಿ ಚೆನ್ನಾಗಿ ಮಾಡುತ್ತೀರಿ ಅನ್ನೋದು ಇಂಟರ್‌ವ್ಯೂನಲ್ಲಿ ಒಳ್ಳೆ ಮಾತು. ಕೆಲಸ ಕೊಡಿಸೋದು ಮಾತ್ರ ಅಡುಗೆಮನೆಯ ಸ್ವಚ್ಛತೆಯ ನಿಯಮಗಳು ಮತ್ತು ಚಾಕು ಹಿಡಿಯುವ ವೇಗ.

ಬಿಕಾಂ ಆಗಿದೆ. ಅಕೌಂಟ್ಸ್ ಕೆಲಸ ಸಿಗುತ್ತಾ?

ಗಲ್ಫ್‌ನಲ್ಲಿ ಸಿಗುತ್ತದೆ, ಆದರೆ ಟ್ಯಾಲಿ ಗೊತ್ತು ಅಂದರೆ ಸಾಲದು. ಯುಎಇಯಲ್ಲಿ 2018ರ ಜನವರಿಯಿಂದ ಶೇ 5ರ ವ್ಯಾಟ್ ಬಂದಿದೆ, 2023ರಲ್ಲಿ ಶೇ 9ರ ಕಾರ್ಪೊರೇಟ್ ತೆರಿಗೆಯೂ ಸೇರಿತು. ಅದಕ್ಕೂ ಮುಂಚೆ ಸಣ್ಣ ಅಂಗಡಿಯವರು ಲೆಕ್ಕದ ತಲೆಬಿಸಿ ಇಲ್ಲದೆ ಇದ್ದರು. ಈಗ ಬಹಳಷ್ಟು ಜನಕ್ಕೆ ರಿಟರ್ನ್ಸ್ ಸಲ್ಲಿಸುವವರು ಬೇಕು. ಇಲ್ಲಿ ಎರಡು ವರ್ಷ ಒಬ್ಬ ಆಡಿಟರ್ ಹತ್ತಿರ ಜಿಎಸ್‌ಟಿ ಕೆಲಸ ಕಲಿತು, ಅಲ್ಲಿನ ವ್ಯಾಟ್ ನಿಯಮ ಓದಿಕೊಂಡು ಹೋದವರಿಗೆ ಬರೀ ಡಿಗ್ರಿ ಇರುವವರಿಗಿಂತ ಅನುಕೂಲ.

ಸಾಫ್ಟ್‌ವೇರ್‌ನವರಿಗೆ ಅಮೆರಿಕ?

ಎಚ್1ಬಿ ಅನ್ನೋ ಕೆಲಸದ ವೀಸಾ ವರ್ಷಕ್ಕೆ 85,000, ಅದೂ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಹೊಸದಾಗಿ ಕರೆಸುವ ಅರ್ಜಿಗೆ 1,00,000 ಡಾಲರ್ ಶುಲ್ಕ ಘೋಷಿಸಿದರು. ಅಮೆರಿಕ ಒಂದನ್ನೇ ನಂಬಿ ಕೂರಬೇಡಿ.

ಸೇನೆಯಿಂದ ಬಂದಿದ್ದೇನೆ, ವಯಸ್ಸು ನಲವತ್ತರ ಹತ್ತಿರ. ನನಗೆ ಏನು?

ಕೊಡಗಿನಲ್ಲಿ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ ಅಲ್ವಾ? ಎಲ್ಲರೂ ಹೇಳೋದು ಸೆಕ್ಯುರಿಟಿ. ದುಬೈನಲ್ಲಿ ಅದಕ್ಕೆ ಸಿರಾ ಅನ್ನೋ ಅಲ್ಲಿನ ಸರ್ಕಾರಿ ಸಂಸ್ಥೆಯ ಲೈಸೆನ್ಸ್ ಬೇಕು, ತರಬೇತಿ ಮತ್ತು ಪರೀಕ್ಷೆ ಇರುತ್ತದೆ. ಮಾಜಿ ಸೈನಿಕರಿಗೆ ಅಲ್ಲಿ ಬೆಲೆ ಇದೆ. ಆದರೆ ಗೇಟಿನಲ್ಲಿ ನಿಲ್ಲುವ ಮುಂಚೆ ನಿಮ್ಮ ಟ್ರೇಡ್ ಯಾವುದಿತ್ತು ಅಂತ ನೆನಪು ಮಾಡಿಕೊಳ್ಳಿ. ಸಿಗ್ನಲ್ಸ್‌ನಲ್ಲಿದ್ದವರು, ಇಎಂಇಯಲ್ಲಿ ವಾಹನ ರಿಪೇರಿ ಮಾಡಿದವರು, ಆಸ್ಪತ್ರೆ ವಿಭಾಗದಲ್ಲಿದ್ದವರು ಯಾಕೆ ಸೆಕ್ಯುರಿಟಿ ಸಂಬಳಕ್ಕೆ ಒಪ್ಪಬೇಕು? ಸೇನೆ ಕೊಟ್ಟ ಟ್ರೇಡ್ ಪತ್ರಗಳನ್ನು ಹೊರಗೆ ತೆಗೆಯಿರಿ. ವಯಸ್ಸು, ಓದು, ಅನುಭವಕ್ಕೆ ಅಂಕ ಕೊಡುವ ಆಸ್ಟ್ರೇಲಿಯಾದ ಪಾಯಿಂಟ್ಸ್ ವೀಸಾಕ್ಕೆ ಮಾತ್ರ 45 ತುಂಬಿರಬಾರದು.

ಅನುಭವದ ಪತ್ರ ಅಂದರೆ ಏನು ಬರೆಸಬೇಕು?

ಎಷ್ಟೋ ಜನರ ಕೆಲಸ ಕೈತಪ್ಪೋದು ಇಲ್ಲೇ. "ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ನಡತೆ ಒಳ್ಳೆಯದು" ಅಂತ ಎರಡು ಸಾಲಿನ ಪತ್ರ ಎಲ್ಲೂ ನಡೆಯುವುದಿಲ್ಲ. ಲೆಟರ್‌ಹೆಡ್ ಇರಬೇಕು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಹುದ್ದೆ ಏನು, ಸಂಬಳ ಎಷ್ಟು, ದಿನಾ ಮಾಡುತ್ತಿದ್ದ ಕೆಲಸಗಳು ಏನೇನು ಅಂತ ಬಿಡಿಬಿಡಿಯಾಗಿ ಬರೆದಿರಬೇಕು. ಸಹಿ ಹಾಕಿದವರ ಹೆಸರು, ಫೋನ್ ನಂಬರ್, ಸೀಲ್. ಆ ನಂಬರ್‌ಗೆ ಫೋನ್ ಬಂದರೆ ಎತ್ತುವವರಾಗಿರಬೇಕು. ಜೊತೆಗೆ ಸಂಬಳ ಬ್ಯಾಂಕಿಗೇ ಬಂದಿರಲಿ. ಗುತ್ತಿಗೆದಾರರ ಹತ್ತಿರ ಆರು ವರ್ಷ ಕೈಗೆ ಸಂಬಳ ಪಡೆದ ಎಲೆಕ್ಟ್ರಿಷಿಯನ್‌ಗಿಂತ, ಎರಡು ವರ್ಷ ಪಿಎಫ್ ಕಟ್ಟಿಸಿಕೊಂಡವನಿಗೆ ಕಾಗದದಲ್ಲಿ ಜಾಸ್ತಿ ಅನುಭವ. ವಿದೇಶದ ಯೋಚನೆ ಇದ್ದರೆ ಇವತ್ತಿನ ಕೆಲಸದಲ್ಲೇ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಏಜೆಂಟ್ ಎಷ್ಟು ತೆಗೆದುಕೊಳ್ಳಬಹುದು?

ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆದ ಏಜೆಂಟ್ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಅಷ್ಟೇ. ರಸೀದಿ ಕೊಡಲೇಬೇಕು. ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೀವೇ ಪರೀಕ್ಷಿಸಬಹುದು. ಲಾಡ್ಜಿನಲ್ಲಿ ರೂಂ ಮಾಡಿಕೊಂಡು ಒಂದು ದಿನ ಇಂಟರ್‌ವ್ಯೂ ನಡೆಸಿ, ಎರಡು ಲಕ್ಷ ಕೇಳಿ, ಸಂಜೆ ಬಸ್ ಹತ್ತುವವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಬೆಂಗಳೂರಿನಲ್ಲಿ ವಲಸಿಗರ ರಕ್ಷಣಾಧಿಕಾರಿ ಕಚೇರಿ ಇದೆ. ಸಹಾಯವಾಣಿ 1800 11 3090.

ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತಿದೆ. ಅದು ಏನು?

ಹತ್ತನೇ ಕ್ಲಾಸ್ ಪಾಸಾದ ದಾಖಲೆ ಕೊಡದಿದ್ದರೆ ಸಾಮಾನ್ಯವಾಗಿ ಆ ಮುದ್ರೆ ಬೀಳುತ್ತದೆ. ಆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಬೇಕು ಅಂತ ಅರ್ಥ. ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಅಂಕಪಟ್ಟಿ ಕೊಟ್ಟು ತೆಗೆಸಿಕೊಳ್ಳಿ. ಇಸಿಆರ್ ಆಗಿ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸತ್ತರೆ 10 ಲಕ್ಷ. ಉಳಿದವರೂ ಇಂಥದ್ದೊಂದು ವಿಮೆ ಮಾಡಿಸಿಕೊಳ್ಳೋದು ಒಳ್ಳೆಯದು.

ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕಿದರೆ?

ಕಣ್ಣೂರು ಏರ್‌ಪೋರ್ಟ್ ಆದ ಮೇಲೆ ಮಾಕುಟ್ಟ ಇಳಿದರೆ ವಿಮಾನ ಅನ್ನುವಷ್ಟು ಹತ್ತಿರ ಆಗಿದೆ, ಅದಕ್ಕೇ ಈ ಆಸೆ. ಇಂಟರ್‌ವ್ಯೂಗೆ ಹೋಗಿ ಬರಬಹುದು. ವಿಸಿಟ್ ವೀಸಾದಲ್ಲಿ ಕೆಲಸ ಮಾಡೋದು ಮಾತ್ರ ಅಪರಾಧ. ಸಂಬಳ ಕೊಡದಿದ್ದರೂ ದೂರು ಕೊಡಲು ಹೆದರಬೇಕಾಗುತ್ತದೆ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಅಂತ ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಿಗೆ ತಳ್ಳಿದ ಪ್ರಕರಣಗಳ ಬಗ್ಗೆ ಸರ್ಕಾರವೇ ಎಚ್ಚರಿಸಿದೆ. ಟೈಪಿಂಗ್ ಕೆಲಸಕ್ಕೆ ತಿಂಗಳಿಗೆ ಲಕ್ಷ ರೂಪಾಯಿ ಯಾರು ಕೊಡುತ್ತಾರೆ, ಸ್ವಲ್ಪ ಯೋಚಿಸಿ.

ಓದಲು ಹೋಗಿ ಪಾರ್ಟ್‌ಟೈಮ್ ದುಡಿದು ಫೀಸು ಕಟ್ಟಬಹುದಾ?

ಫೀಸು ಕಟ್ಟಲು ಆಗೋಲ್ಲ, ದಿನಸಿ ಖರ್ಚು ಸ್ವಲ್ಪ ತೂಗಬಹುದು. ಕಾಲೇಜು ನಡೆಯುವಾಗ ಬ್ರಿಟನ್‌ನಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ ಮಿತಿ. ತೋಟ ಅಡವಿಟ್ಟು ಕಳಿಸುವ ಮುಂಚೆ, ಆ ಕೋರ್ಸ್ ಮುಗಿದ ಮೇಲೆ ಯಾವ ಹುದ್ದೆಗೆ ಅರ್ಜಿ ಹಾಕುತ್ತೀಯ ಅಂತ ಮಕ್ಕಳನ್ನು ಕೇಳಿ. ಉತ್ತರ ಹುದ್ದೆಯ ಹೆಸರಾಗಿರಲಿ. "ಏನಾದರೂ ಸಿಗುತ್ತೆ" ಅಂದರೆ ಇನ್ನೊಂದು ವರ್ಷ ಕಾಯಿರಿ.

ಎರಡು ಆಫರ್‌ನಲ್ಲೂ ಸಂಬಳ ಒಂದೇ. ಯಾವುದನ್ನು ಆರಿಸಲಿ?

ಬೇಸಿಕ್, ಅಂದರೆ ಭತ್ಯೆ ಬಿಟ್ಟು ಮೂಲ ಸಂಬಳ, ಎಷ್ಟು ಅಂತ ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕದಲ್ಲಿ. ಎರಡೂ ಕಡೆ 2,000 ದಿರ್ಹಮ್, ಒಂದರಲ್ಲಿ ಬೇಸಿಕ್ 800, ಇನ್ನೊಂದರಲ್ಲಿ 1,500 ಅಂದುಕೊಳ್ಳಿ. ಮೊದಲನೆಯದರಲ್ಲಿ ವರ್ಷಕ್ಕೆ 560, ಎರಡನೆಯದರಲ್ಲಿ 1,050. ರೂಂ, ಊಟ, ಕೆಲಸಕ್ಕೆ ಹೋಗಿ ಬರುವ ಬಸ್ ಯಾರದು ಅಂತಲೂ ಕೇಳಿ. ವೀಸಾ ಖರ್ಚನ್ನು ನಿಮ್ಮ ಸಂಬಳದಿಂದ ಹಿಡಿಯುತ್ತೇವೆ ಅಂದರೆ, ಅಲ್ಲಿನ ಕಾನೂನೇ ಅದನ್ನು ಒಪ್ಪುವುದಿಲ್ಲ ಅಂತ ತಿಳಿದಿರಲಿ.

ಹುತ್ತರಿ ಹಬ್ಬಕ್ಕೆ ರಜೆ ಸಿಗುತ್ತಾ?

ಯುಎಇಯಲ್ಲಿ ಒಂದು ವರ್ಷ ತುಂಬಿದ ಮೇಲೆ ವರ್ಷಕ್ಕೆ 30 ದಿನ ರಜೆ. ಯಾವಾಗ ಅನ್ನೋದನ್ನು ಕಂಪನಿ ತೀರ್ಮಾನಿಸುತ್ತದೆ. ಹೋಟೆಲ್ ಕೆಲಸದವರಿಗೆ ನವೆಂಬರ್, ಡಿಸೆಂಬರ್ ಸೀಸನ್, ರಜೆ ಸಿಗೋದು ಕಷ್ಟ. ಕುಯ್ಲಿಗೆ ಬಂದು ಅಪ್ಪನಿಗೆ ನೆರವಾಗುತ್ತೇನೆ ಅಂತ ಲೆಕ್ಕ ಹಾಕುವವರು ಕೆಲಸ ಆರಿಸುವಾಗಲೇ ಇದನ್ನು ನೋಡಿ. ಅಕೌಂಟ್ಸ್, ಮೆಂಟೆನೆನ್ಸ್ ಕೆಲಸದಲ್ಲಿ ಸ್ವಲ್ಪ ಸುಲಭ.

ನಾನು ಎನ್‌ಆರ್‌ಐ ಆದರೆ ತೋಟ ಏನಾಗುತ್ತದೆ?

ನಿಮ್ಮ ಹೆಸರಲ್ಲಿ ಈಗಾಗಲೇ ಇರುವುದು ನಿಮ್ಮದೇ. ಪಿತ್ರಾರ್ಜಿತವಾಗಿ ಬರುವುದನ್ನೂ ಪಡೆಯಬಹುದು. ಆದರೆ ಎನ್‌ಆರ್‌ಐ ಆಗಿರುವಾಗ ಕೃಷಿ ಜಮೀನು, ಪ್ಲಾಂಟೇಷನ್ ಹೊಸದಾಗಿ ಕೊಳ್ಳುವಂತಿಲ್ಲ. ದುಬೈನಲ್ಲಿ ದುಡಿದು ಪಕ್ಕದ ಐದು ಎಕರೆ ತೆಗೆದುಕೊಳ್ಳುವ ಕನಸು ಇರುವವರು ಮನೆಯಲ್ಲಿ ಯಾರ ಹೆಸರಿಗೆ ಅನ್ನೋದನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ, ಒಬ್ಬ ವಕೀಲರನ್ನೂ ಕಾಣಿ. ಬ್ಯಾಂಕಿಗೆ ಹೋಗಿ ಇಲ್ಲಿನ ಖಾತೆಯನ್ನು ಎನ್‌ಆರ್‌ಒ ಮಾಡಿಸಿ, ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಿರಿ. ಕಾಫಿ ಮಾರಿದ ದುಡ್ಡು ಎನ್‌ಆರ್‌ಒಗೆ ಬರಲಿ, ಎರಡನ್ನೂ ಬೆರೆಸಬೇಡಿ.